ಬೈರಮ್ಮನ ಇಟ್ಟಿಗೆ

ಮೂರನೆಯ ಚೊಂಬು ನೀರು ಹುಯ್ಯುವಾಗ ಹೆಣದ ಮೇಲಿನ ಒದ್ದೆ ಸೀರೆ ಜಾರಿತು. ಬೈರಮ್ಮನ ಕಿಬ್ಬೊಟ್ಟೆಯ ಮೇಲೆ ಅಂಗೈಯಗಲದ ಕಂದು ಕಲೆ ಕಂಡಿತು. ತಂಗಿ ತುಳಸಮ್ಮ ಗಬಕ್ಕನೆ ಸೀರೆ ಎಳೆದು ಮುಚ್ಚಿದಳು.

"ಅಯ್ಯೋ ಶಿವನೇ, ಏನ್ರೀ ಅದು ಗುರುತು?" ಅಂದರು ವಿಶಾಲಮ್ಮ. ಆಷಾಢ ಕಳೆದರೆ ಬೀಗಿತ್ತಿಯಾಗುವವರು. ಸಾವಿನ ಸುದ್ದಿ ಕೇಳಿ ಚಿಕ್ಕಪೇಟೆಯಿಂದ ಬಂದಿದ್ದರು.

"ಬಿಸಿನೀರು ಚೆಲ್ಕೊಂಡಿದ್ಲು," ಎಂದಳು ತುಳಸಮ್ಮ.

"ಯಾವ ಬಿಸಿನೀರು?" ಪಕ್ಕದ ಮನೆಯ ಮುನಿಯಮ್ಮನಿಗೆ ಬಾಯಿ ತಡೆಯಲಿಲ್ಲ. "ತಿಂಗಳು ತಿಂಗಳೂ ಹಂಡೆ ಒಲೇಲಿ ಇಟ್ಟಿಗೆ ಕಾಯಿಸಿ ಹೊಟ್ಟೆಗೆ ಒತ್ಕೊಳ್ಳೋಳು, ಪಾಪ. ಮೂವತ್ತು ವರ್ಷ! ಮಾರ್ಕೆಟ್ಟಲ್ಲಿ ತುಟಿ ಕಚ್ಕೊಂಡೇ ಹೂ ಕಟ್ಟೋಳು. ಆ ಗಂಡ ಅನ್ನೋನು ಬಂಜೆ ಅಂತ ಬಿಟ್ಟೋದ, ಹಾಳಾದೋನು."

"ಅಲಮೇಲು ಎಲ್ಲಿ? ದೊಡ್ಡಮ್ಮಂಗೆ ನೀರು ಹಾಕಲ್ವಾ?" ವಿಶಾಲಮ್ಮ ಸೊಸೆಯಾಗುವವಳನ್ನು ಹುಡುಕಿದರು.

"ಹೊರಗಾಗಿದಾಳೆ. ಹಿತ್ತಲಲ್ಲಿ ಕೂತಿದಾಳೆ," ಎಂದಳು ತುಳಸಮ್ಮ. ಅದು ನಿಜ. ಬಿಸಿನೀರಿನ ಮಾತು ಸುಳ್ಳು, ಆ ವಾರ ಅವಳಾಡಿದ ಎರಡನೆಯ ಸುಳ್ಳು.

*

ಮೊದಲನೆಯದನ್ನು ಅಕ್ಕನ ಆಸ್ಪತ್ರೆ ಮಂಚದ ಪಕ್ಕದಲ್ಲೇ ಆಡಿದ್ದಳು.

"ಗರ್ಭಕೋಶದ ಒಳಪದರ ಹೊರಗೆಲ್ಲ ಬೆಳೆದು ಕರುಳಿಗೆ ಅಂಟ್ಕೊಂಡು ಕರುಳೇ ಕಟ್ಟಿಹೋಗಿದೆ. ತುಂಬಾ ತಡ ಮಾಡಿದ್ರಿ," ಎಂದಿದ್ದರು ಲೇಡಿ ಡಾಕ್ಟರು. "ಕೆಲವು ಮನೆತನದಲ್ಲಿ ಇದು ಹೆಣ್ಣುಮಕ್ಕಳಿಗೆ ಬರೋದುಂಟು. ನಿಮ್ಮಲ್ಲಿ ಇನ್ಯಾರಿಗಾದ್ರೂ ಇಷ್ಟು ನೋವಿದೆಯಾ? ಬೇಗ ತೋರಿಸಿದ್ರೆ ಔಷಧಿ ಇದೆ."

ತುಳಸಮ್ಮನಿಗೆ ಮಗಳು ನೆನಪಾದಳು. ತಿಂಗಳಿಗೆ ಮೂರು ದಿನ ಚಾಪೆಯ ಮೇಲೆ ಮುದುರಿ ಬೀಳುವ ಹದಿನೆಂಟರ ಅಲಮೇಲು. ಅಚ್ಚಾಗಿದ್ದ ಲಗ್ನಪತ್ರಿಕೆಯೂ ನೆನಪಾಯಿತು.

"ಯಾರಿಗೂ ಇಲ್ಲ ಡಾಕ್ಟ್ರೇ."

ಮಲಗಿದ್ದ ಬೈರಮ್ಮ ಕಣ್ಣು ತೆರೆದು ತಂಗಿಯನ್ನೇ ನೋಡಿದಳು. ಆ ನೋಟ ತುಳಸಮ್ಮನ ಬೆನ್ನು ಬಿಟ್ಟಿರಲಿಲ್ಲ.

*

ಹೆಣ ಹೊರಟಿತು. ಹೆಂಗಸರು ಹಜಾರ ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿದರು. ಆ ಇಟ್ಟಿಗೆಯನ್ನು ಎಸೆದುಬಿಡಬೇಕೆಂದು ತುಳಸಮ್ಮ ಹಿತ್ತಲಿಗೆ ಬಂದಳು. ಒಲೆಯ ಬಳಿ ಅದಿರಲಿಲ್ಲ.

ಗೋಡೆ ಮೂಲೆಯಲ್ಲಿ ಅಲಮೇಲು ಮುದುರಿ ಕೂತಿದ್ದಳು. ಬೈರಮ್ಮನ ಹಳೇ ಸೀರೆಯಲ್ಲಿ ಸುತ್ತಿದ ಇಟ್ಟಿಗೆ ಅವಳ ಹೊಟ್ಟೆಗಿತ್ತು. ತುಳಸಮ್ಮ ಮೈಲಿಗೆ ಮರೆತು ಅದನ್ನು ಸರಿಸಿದಳು. ಅದೇ ಜಾಗದಲ್ಲಿ, ಇನ್ನೂ ಚಿಕ್ಕದಾದ, ಕಂದು ಕಲೆ.

"ಯಾರೇ ಕೊಟ್ಟಿದ್ದು ಇದನ್ನ?"

"ದೊಡ್ಡಮ್ಮ, ಹೋದ್ವರ್ಷಾನೇ. 'ನಿಮ್ಮಮ್ಮ ಡಾಕ್ಟ್ರ ಹತ್ರ ಕರ್ಕೊಂಡೋಗೋ ತನಕ ಇಟ್ಕೋ' ಅಂದ್ರು." ಹುಡುಗಿ ಇಟ್ಟಿಗೆಯನ್ನು ಮತ್ತೆ ಹೊಟ್ಟೆಗೆ ಎಳೆದುಕೊಂಡಳು. "ಅಮ್ಮ, ನಾನೂ ಹಂಗೇ ಸಾಯ್ತೀನಾ?"

ಒಳಗಿನಿಂದ ವಿಶಾಲಮ್ಮನ ದನಿ ಬಂತು. "ತುಳಸಮ್ಮ, ಹುಡುಗಿ ಚೆನ್ನಾಗಿದಾಳೆ ತಾನೇ?"

ತುಳಸಮ್ಮ ಇಟ್ಟಿಗೆಗೆ ಸುತ್ತಿದ್ದ ಸೀರೆ ಬಿಚ್ಚಿ, ಅದನ್ನು ಬರಿಗೈಯಲ್ಲೇ ಎತ್ತಿಕೊಂಡು ಒಳಗೆ ನಡೆದಳು. ವಿಶಾಲಮ್ಮನ ಎದುರು, ದೀಪದ ಪಕ್ಕ, ಅದನ್ನು ಇಟ್ಟಳು. ಒದ್ದೆ ನೆಲದಿಂದ ಚುಂಯ್ ಎಂದು ಹಬೆ ಎದ್ದಿತು.