ಮೂವರೂ ಅರಿಯೆವೆಂದರು

"ಇಲ್ಲಿದ್ದ ಮೈಕಿನ ಪೆಟ್ಟಿಗಿ ಎಲ್ಲಿಗೆ ಹೋತು?"

ಪುರಾಣ ನಡೆಸುವ ಹಿರಿಯರು ಮರುಳಪ್ಪ ಯಾರನ್ನೂ ಕೇಳಿದ್ದಲ್ಲ. ಪುರಾಣದ ಪಡಸಾಲೆಯಲ್ಲಿ ಸುತ್ತಿಟ್ಟ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಕಂಬದ ಹಿಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಶ್ರಾವಣದ ಪುರಾಣಕ್ಕೆ ಇನ್ನು ಎರಡೇ ದಿನ.

ಹರಪನಹಳ್ಳಿಯ ನಮ್ಮ ಓಣಿಯ ಆ ಪಡಸಾಲೆಗೆ ಹಿಂದಿನ ದಿನ ಬಂದವರು ಮೂವರು. ದೀಪ ಹಚ್ಚುವ ಗುರುಬಸಮ್ಮ. ಪುರಾಣ ಓದುವ ಪಾಲಾಕ್ಷ, ಅವನು ಮರುಳಪ್ಪನವರ ತಮ್ಮನ ಮಗ. ಮತ್ತೆ ಪೆಟ್ಟಿಗೆಯ ರಿಪೇರಿಗೆ ಬಂದಿದ್ದ ಮುನಾವರ, ಬಸ್ ನಿಲ್ದಾಣದ ಹತ್ತಿರದ ಅಂಗಡಿಯವನು.

"ಠಾಣೆಗೆ ಅರ್ಜಿ ಕೊಡಬೇಕು. ಮೂವರ ಮಾತೂ ಬರಕೊಳ್ರಿ ಸ್ವಾಮ್ಯಾರ. ಯಾರ ಮ್ಯಾಲೆ ಅನುಮಾನ ಅನ್ನೂದು ಅದರಾಗ ತಿಳೀತೈತಿ," ಅಂದರು ಮರುಳಪ್ಪ. ಅವರ ಅನುಮಾನ ಆಗಲೇ ಒಬ್ಬನ ಮೇಲೆ ಕೂತಿತ್ತು. ನನ್ನದೂ ಅಲ್ಲೇ, ಸುಳ್ಳು ಯಾಕೆ ಹೇಳಲಿ.

ಮೂವರನ್ನೂ ಕರೆಸಿದೆವು. ಮುನಾವರ ಚಪ್ಪಲಿ ಬಿಡುತ್ತಲೇ, ನಾವು ಕೇಳುವ ಮೊದಲೇ ಅಂದ: "ನನಗ ಖಬರಿಲ್ರಿ. ನೀವು ಫೋನ್ ಮಾಡಿದ ಮ್ಯಾಲನ ಗೊತ್ತಾಗಿದ್ದು. ಒಂದು ಸಲ ನನ್ನ ಹೆಸರು ಠಾಣೆ ಹತ್ತಿದ್ರ ಯಾವ ಮನಿಯಾಗೂ ಟಿವಿ ಬಿಚ್ಚಾಕ ಒಳಗ ಬಿಡಂಗಿಲ್ಲ, ನೋಡ್ರಿ."

ಕೇಳುವ ಮೊದಲೇ ಬಂದ ಉತ್ತರ. ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಗುರುಬಸಮ್ಮ ಕಂಬಕ್ಕೆ ಒರಗಿ ಕೂತಳು. "ದೀಪ ಹಚ್ಚೋ ಹೊತ್ತಿನಾಗ ಒಬ್ಬಾಂವ ಪೆಟ್ಟಿಗಿ ಹೆಗಲ ಮ್ಯಾಲ ಇಟ್ಕಂಡು ಮ್ಯಾಗಳ ಓಣಿ ಕಡಿಗೆ ಹೊಂಟಿದ್ದ. ಟವೆಲ್ ಮುಸುಕು ಹಾಕ್ಕಂಡಿದ್ದ. ಗುರ್ತ ಹತ್ತಲಿಲ್ಲ. ರಿಪೇರಿಗೆ ಒಯ್ತಾರ ಅಂದ್ಕಂಡು ಸುಮ್ಮನಾದೆ."

"ರಿಪೇರಿಗೆ!" ಮರುಳಪ್ಪ ಮುನಾವರನ ಕಡೆ ತಿರುಗಿದರು.

ಪಾಲಾಕ್ಷ ಮೊದಲು ದೊಡ್ಡಪ್ಪನ ಮುಖ ನೋಡಿದ, ಆಮೇಲೆ ನೆಲ. "ಅದನ್ನ ನನ್ನ ಬಾಯಿಂದ ಹೇಳಾಕ ಬರಂಗಿಲ್ಲ, ದೊಡಪ್ಪ."

"ಆತು, ಕುಂದ್ರು," ಅಂದರು ಮರುಳಪ್ಪ, ಗಡಬಡಿಸಿ.

ನಾನು ಬರೆದೆ. ನಮ್ಮಪ್ಪ ಸಂಜೆಸಂಜೆ ಪದ್ಯ ಹೇಳುತ್ತಿದ್ದಾಗ ಕಿವಿಗೆ ಬಿದ್ದ ಮಾತು 'ಅರಿಯೆ'. ದೇವರ ಮುಂದೆ ಕೈಮುಗಿದು ಹೇಳುವ ಮಾತು. ಠಾಣೆಗೆ ಹೋಗುವ ಕಾಗದ, ಕನ್ನಡ ಚಂದ ಇರಲಿ ಅಂತ 'ಮೂವರೂ ಈ ವಿಷಯವನ್ನು ಅರಿಯೆವೆಂದರು' ಎಂದು ಬರೆದು ಗಟ್ಟಿಯಾಗಿ ಓದಿದೆ.

"ಏನ್ ಚಂದ ಓದ್ತೀರಿ ಸ್ವಾಮ್ಯಾರ, ಮಂಗಳಾರತಿ ತರ್ಲೇನು?" ಗುರುಬಸಮ್ಮ ನಕ್ಕಳು. ಮರುಗಳಿಗೆಗೆ ನಗು ಇರಲಿಲ್ಲ. "ನಾ ಯಾವಾಗ ಹಂಗಂದೆ? ಕಂಡೀನಿ, ಗುರ್ತ ಹತ್ತಲಿಲ್ಲ ಅಂದೆ. ಮುನಾವರಗ ಸುದ್ದಿನ ಮುಟ್ಟಿರಲಿಲ್ಲ, ಖಬರಿಲ್ಲ ಅಂದ. ಪಾಲಾಕ್ಷ ಏನಂದ? ಹೇಳಾಕ ಬರಂಗಿಲ್ಲ ಅಂದ. ಗೊತ್ತಿಲ್ದಾಂವ ಹಂಗಂತಾನೇನ್ರಿ? ಮೂವರನ್ನೂ ಒಂದ ಗಂಟಿನಾಗ ಕಟ್ಟೀರಲ್ಲ!"

ಪಾಲಾಕ್ಷ ಕಾಲ ಹೆಬ್ಬೆರಳಿನಿಂದ ಚಾಪೆಯ ಅಂಚು ಕೆದರುತ್ತಿದ್ದ. ಮ್ಯಾಗಳ ಓಣಿಯಲ್ಲಿ ಯಾರ ಯಾರ ಮನೆ ಇವೆ ಅನ್ನುವುದು ಆಗ ನನ್ನ ತಲೆಗೆ ಹೊಳೆಯಿತು. ಮುನಾವರನ ಮನೆ, ಅಂಗಡಿ ಎರಡೂ ಊರಿನ ಇನ್ನೊಂದು ತುದಿಗೆ. ಮರುಳಪ್ಪನವರದೂ ಪಾಲಾಕ್ಷನದೂ ಮ್ಯಾಗಳ ಓಣಿಯಲ್ಲೇ, ಗೋಡೆಗೆ ಗೋಡೆ. ಕಿವಿ ಕೇಳಿದ್ದನ್ನು ನನ್ನ ಕೈಯೇ ಅಳಿಸಿಹಾಕಿತ್ತು.

ಆ ಸಾಲು ಹೊಡೆದುಹಾಕಿದೆ. ಯಾರು ಏನಂದರೋ ಅದನ್ನು ಅವರವರ ಮಾತಿನಲ್ಲೇ ಕೆಳಗೆ ಬರೆದೆ.

ಮರುಳಪ್ಪ ಮೂವರನ್ನೂ ಹೊರಗೆ ಕಳಿಸಿ ನನ್ನ ಹತ್ತಿರ ಬಂದು ಕೂತರು. ದನಿ ಮೆತ್ತಗಾಗಿತ್ತು.

"ಮೊದಲು ಬರದದ್ದ ಚಂದಿತ್ತು ಸ್ವಾಮ್ಯಾರ. ಪಾಲಾಕ್ಷ ಅರಿಯೆ ಅಂದಾನ, ಅದು ಹಂಗ ಇರಲಿ. ಮುನಾವರಂದು ಮಾತ್ರ 'ಗೊತ್ತಿದ್ದೂ ಹೇಳಲಿಲ್ಲ' ಅಂತ ಬರೀರಿ. ಒಂದ ಸಾಲು. ನಿಮ್ಮ ಅಕ್ಷರ ಅಂದ್ರ ಠಾಣ್ಯಾಗೂ ನಂಬ್ತಾರ."

ಬಾಗಿಲಾಚೆ ಮುನಾವರ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಬರೆಯಂಗಿಲ್ಲ, ಮರುಳಪ್ಪ," ಅಂದೆ.