ಡ್ರೈವರ್ ಕಡೆಯ ಬಾಗಿಲು

ನಾನು ಗಾಡಿಗಳ ಸೀಟು ಹೊಲಿಯುವವನು. ಮೂವತ್ತೊಂದು ವರ್ಷದ ಕಸುಬು. ಜನ ನನಗಿಟ್ಟ ಹೆಸರು ಸೂಜಿ. ಕೆಲಸ ನೋಡಿ ಇಟ್ಟರೋ ಬಾಯಿ ನೋಡಿ ಇಟ್ಟರೋ, ಕೇಳಲು ಹೋಗಿಲ್ಲ. ಕೇಳಿದರೆ ಜಗಳವಾಗುತ್ತದೆ, ಜಗಳವಾದರೆ ನಾನೇ ಗೆಲ್ಲುತ್ತೇನೆ, ಗೆದ್ದು ಏನು ಬಂತು? ಒಡಹುಟ್ಟಿದ ಅಣ್ಣನ ಜೊತೆ ಹಾಗೆ ಗೆದ್ದು ಒಂಬತ್ತು ವರ್ಷ ಮಾತು ಬಿಟ್ಟಿದ್ದೆ.

ಕಾರಣ ಕೇಳಿದರೆ ನಗುತ್ತೀರಿ. ಅಣ್ಣ ಜಮೀನು ಅಳೆಯುವ ಸರ್ವೆ ಕೆಲಸದವನು. ಕಲ್ಲುಮುಳ್ಳಿನ ದಾರಿಗೆಂದು ಒಂದು ಹಳೇ ಜೀಪು ಇಟ್ಟುಕೊಂಡಿದ್ದ. ಅದರ ಸೀಟು, ಬಾಗಿಲಿನ ಒಳಹೊದಿಕೆ, ನೆಲಕ್ಕೆ ಹಾಸುವ ಉಣ್ಣೆಯ ದಪ್ಪ ಫೆಲ್ಟು ಎಲ್ಲ ನನ್ನ ಕೈಕೆಲಸವೇ. ಮುಗಿಸಿ ಕೊಟ್ಟ ದಿನ ಅವನು ನಾಲ್ಕು ಜನ ಗಿರಾಕಿಗಳ ಎದುರಿಗೆ ಪಕ್ಕದ ಸೀಟಿನ ಮೇಲೆ ಬೆರಳಾಡಿಸಿ, "ಹೊಲಿಗೆ ಸೊಟ್ಟಗಿದೆಯಲ್ಲೋ" ಅಂದ. ಅಷ್ಟೇ! ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ. ನಾನು ಏನೇನೋ ಅಂದೆ, ಅವನೂ ಅಂದ. ಅವನೇ ಮೊದಲು ಮಾತಾಡಿಸಲಿ ಎಂದು ನಾನು ಕೂತೆ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನನ್ನ ಸಿಟ್ಟು ಶಾಂತವಾಗಲೂ ಇಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಣ್ಣ ನನ್ನ ಅಂಗಡಿಯ ಪಕ್ಕದ ಓಣಿಯಲ್ಲಿ, ಅದೇ ಜೀಪಿನ ಡ್ರೈವರ್ ಸೀಟಿನಲ್ಲಿ ಕೂತಹಾಗೇ ಹೋಗಿಬಿಟ್ಟ. ಹೃದಯ ನಿಂತಿತ್ತು, ಇಂಜಿನ್ ಓಡುತ್ತಿತ್ತು. ಅವನು ಅಲ್ಲಿಗೆ ಯಾಕೆ ಬಂದಿದ್ದ ಎಂದು ಎಲ್ಲರೂ ನನ್ನನ್ನು ಕೇಳಿದರು. ನನಗೇನು ಗೊತ್ತು, ನಾನು ಮಷೀನಿನ ಮುಂದಿದ್ದೆ ಎಂದೆ. ಹತ್ತಿಪ್ಪತ್ತು ಸಲ ಹೇಳಿದ ಮೇಲೆ ಅದು ನನಗೂ ನಿಜವೇ ಅನ್ನಿಸತೊಡಗಿತ್ತು.

ಕಳೆದ ಸೋಮವಾರ ಅಣ್ಣನ ಮಗಳು ಆ ಜೀಪನ್ನು ತಾನೇ ಓಡಿಸಿಕೊಂಡು ಅಂಗಡಿಗೆ ಬಂದಳು. ಅವಳದೂ ಅಪ್ಪನ ಕಸುಬೇ. ಒಂಬತ್ತು ವರ್ಷದಲ್ಲಿ ನನ್ನ ಹೊಸ್ತಿಲು ತುಳಿದಿರಲಿಲ್ಲ. ಇಳಿದವಳು ಕೀಲಿ ನನ್ನ ಕೈಗೆ ಕೊಟ್ಟು, "ಚಿಕ್ಕಪ್ಪ, ಒಳಗಡೆ ಎಲ್ಲಾ ಹೊಸದು ಮಾಡಿಕೊಡಿ. ನಾಲ್ಕು ಸ್ಪೀಕರ್ ಕೂರಿಸಬೇಕು. ಶನಿವಾರ ಬೆಳಿಗ್ಗೆ ಬರ್ತೀನಿ" ಎಂದಳು.

"ಇಷ್ಟು ಅಂಗಡಿ ಇವೆ ಈ ಬೀದಿಲಿ, ನನ್ನ ಹತ್ರಾನೇ ಯಾಕಮ್ಮ?"

"ನೀವು ಹೊಲಿದಿದ್ದಲ್ವಾ. ನೀವೇ ಬಿಚ್ಚಬೇಕು."

ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಅಣ್ಣನದು ಅಂತ ಉಳಿದದ್ದು ಅವಳೊಬ್ಬಳೇ. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೇ ಬೆಳೆದ ಕೂಸು. ಈ ಒಂದು ಕೆಲಸ ಚೊಕ್ಕವಾಗಿ ಮಾಡಿಕೊಟ್ಟರೆ ಮತ್ತೆ ಮನೆಗೆ ಬಂದುಹೋಗಿ ಮಾಡುತ್ತಾಳೆ, ಅವಳನ್ನೂ ಕಳೆದುಕೊಳ್ಳಬಾರದು ಎಂದು ಅಂದೇ ಕತ್ತರಿ ಹಿಡಿದೆ.

ಮೊದಲು ಸೀಟು ಇಳಿಸಿದೆ. ಪಕ್ಕದ ಸೀಟಿನ ಹೊಲಿಗೆ ಬಿಸಿಲಿಗೆ ಹಿಡಿದು ನೋಡಿದೆ. ಸೊಟ್ಟಗೇ ಇತ್ತು ಹಾಳಾದ್ದು. ನೆಲದ ಫೆಲ್ಟು ಕಿತ್ತು ಹೊರಗೆ ಹಾಸಿದೆ. ಹತ್ತಿ ನೀರು ಕುಡಿಯುತ್ತೆ, ಫೆಲ್ಟು ಸದ್ದು ಕುಡಿಯುತ್ತೆ ಅಂತ ನಮ್ಮ ಕಸುಬಿನವರು ಹೇಳುವುದುಂಟು. ಗಾಡಿಯೊಳಗೆ ಗಡಗಡ ಕಡಿಮೆಯಾಗಲಿ ಅಂತಲೇ ಅದನ್ನು ಹಾಸುವುದು. ಕೊನೆಗೆ ಡ್ರೈವರ್ ಬಾಗಿಲಿನ ಒಳಹೊದಿಕೆಯ ಕ್ಲಿಪ್ಪು ತೆಗೆದು, ಅದರ ಹಿಂದೆ ಅಂಟಿಸಿದ್ದ ಫೆಲ್ಟನ್ನು ಒಂದು ಮೂಲೆಯಿಂದ ಸುಲಿದೆ.

"ಬಂದೆ" ಎಂದಿತು ಒಂದು ದನಿ.

ಯಾರೋ ಬಾಗಿಲಲ್ಲಿ ನಿಂತಿದ್ದಾರೆ ಅಂದುಕೊಂಡು ತಿರುಗಿದೆ. ಯಾರೂ ಇಲ್ಲ. ಮಧ್ಯಾಹ್ನ ಎರಡು ಗಂಟೆ, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಆಮೇಲೆ ಹೊಳೆಯಿತು. ನನ್ನ ಬಲಗಿವಿ ಸತ್ತು ಎರಡು ವರ್ಷವಾಗಿದೆ. ಪಕ್ಕದಲ್ಲಿ ಪಟಾಕಿ ಹೊಡೆದರೂ ಆ ಕಡೆಯಿಂದ ಏನೂ ತಿಳಿಯುವುದಿಲ್ಲ. ಆ ದನಿ ಕೇಳಿಸಿದ್ದು ಆ ಕಿವಿಗೇ.

ಸೆಖೆ, ಖಾಲಿ ಹೊಟ್ಟೆ ಎಂದು ಸಮಾಧಾನ ಹೇಳಿಕೊಂಡು ಒಂದು ಚೊಂಬು ನೀರು ಕುಡಿದೆ. ಕುಡಿದು ಬಂದು ಮತ್ತೆ ಫೆಲ್ಟಿಗೆ ಕೈ ಹಚ್ಚಿದೆ. ಮತ್ತೆ "ಬಂದೆ". ಅವಸರವೇ ಇಲ್ಲದ, ತುಸು ಗತ್ತಿನ ದನಿ. ಅಣ್ಣನದಂತೂ ಅಲ್ಲ. ಅವನ ದನಿ ಸಾವಿರದಲ್ಲಿ ಗುರುತು ಹಿಡಿಯುತ್ತೇನೆ.

ಗುರುವಾರ ಸ್ಪೀಕರ್ ಕೂರಿಸಲು ನನ್ನ ಹೆಂಡತಿಯ ತಮ್ಮ ಬಂದ. ವೈರಿಂಗ್ ಕೆಲಸದವನು, ಎಲ್ಲರೂ ವೈರು ಅಂತಲೇ ಕರೆಯುತ್ತಾರೆ. ಬಾಯಿ ಮಾತ್ರ ಯಾವಾಗಲೂ ಶಾರ್ಟ್ ಸರ್ಕೀಟು. ಅವನದೊಂದು ಪದ್ಧತಿಯಿದೆ. ಬಾಗಿಲಿಗೆ ತೂತು ಕೊರೆಯುವ ಮೊದಲು ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕಣ್ಣು ಮುಚ್ಚಿಸಿ ಕೂರಿಸುತ್ತಾನೆ. ಇವನು ಗಾಡಿಯ ಸುತ್ತ ಜಾಗ ಬದಲಿಸುತ್ತಾ ಒಂದು, ಎರಡು ಎಂದು ಎಣಿಸುತ್ತಾನೆ. ಕೂತವರು ಸದ್ದು ಬಂದ ಕಡೆಗೆ ಬೆರಳು ತೋರಿಸಬೇಕು. ಬೆರಳು ಸರಿಯಾಗಿ ಬಿದ್ದ ಜಾಗ ಸ್ಪೀಕರಿಗೆ ಒಳ್ಳೆಯ ಜಾಗ. ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾನೆ.

ಹೊಸ ಹೊದಿಕೆ ಹಾಕಿದ ಸೀಟುಗಳನ್ನು ಆಗಲೇ ಗಾಡಿಗೆ ಕೂರಿಸಿದ್ದೆ. ಅಂಗಡಿಯ ಮಷೀನು, ಫ್ಯಾನು ಎಲ್ಲ ಆರಿಸಿ ನಾನು ಕೂತೆ. ಅವನು ಎಲ್ಲಿಂದ ಎಣಿಸಿದರೂ ನನ್ನ ಬೆರಳು ಎಡಕ್ಕೇ ಹೋಗುತ್ತಿತ್ತು.

"ಏನ್ ಭಾವ, ಪ್ರಪಂಚ ಎಲ್ಲಾ ನಿಮ್ಗೆ ಒಂದೇ ಕಡೆ ಇದ್ಯಾ?" ಎಂದು ನಕ್ಕ.

"ಮುಚ್ಕೊಂಡು ಎಣಿಸೋ."

"ಮೂರು" ಎಂದ. ಎಡಕ್ಕೆ ತೋರಿಸಿದೆ. ಆಮೇಲೆ ಬಲಗಡೆಯಿಂದ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದ ಹಾಗೆ "ಬಂದೆ" ಎಂದಿತು. ನನ್ನ ಬೆರಳು ತಾನಾಗಿ ಬಲಕ್ಕೆ ತಿರುಗಿತು.

ಕಣ್ಣು ಬಿಟ್ಟರೆ ವೈರು ಗಾಡಿಯ ಹಿಂದೆ ನಿಂತಿದ್ದ. ಮುಖದಲ್ಲಿ ನಗು ಇರಲಿಲ್ಲ. "ನಾನು ನಾಲ್ಕು ಅಂತ ಇನ್ನೂ ಹೇಳೇ ಇಲ್ಲ, ಭಾವ. 'ಬಂದೆ' ಅಂದಿದ್ದು ನೀವು."

"ನಾನು ತುಟಿ ಪಿಟಕ್ಕೆಂದಿಲ್ಲ ಕಣೋ."

ಅವನು ಮೊಬೈಲು ಹಾಕಿದ. ಒಂದು. ಎರಡು. ನನ್ನ ಬೈಗುಳ. ಮೂರು. ಬಂದೆ. ಅಷ್ಟರಲ್ಲಿ ಟೀ ತಂದ ನನ್ನ ಹೆಂಡತಿ ಲೋಟ ಕೊಡುತ್ತಾ ನಕ್ಕುಬಿಟ್ಟಳು. "ನಿಮ್ದೇರೀ ಆ ದನಿ! ತನ್ನ ದನಿ ತನಗೆ ಗೊತ್ತಾಗಲ್ಲ ಅನ್ನೋದು ಇದಕ್ಕೇ. ಊಟಕ್ಕೆ ಕರೆದ್ರೆ ದಿನಾ ಹೇಳೋ 'ಬಂದೆ' ಅದು. ಅರ್ಧ ಗಂಟೆಯ ಬಂದೆ."

ವೈರು ಧ್ವನಿ ಪೂರ್ತಿ ಏರಿಸಿದ. "ಬಂದೆ" ಆದ ಮೇಲೆ ಹಿಂದಿನಿಂದ ಇನ್ನೊಂದು ಸದ್ದು ಬರುತ್ತಿತ್ತು. ಹೊಲಿಗೆ ಮಷೀನು. ನಮ್ಮ ಮಷೀನು ಆರಿಸಿ, ಮೇಲೆ ಬಟ್ಟೆ ಹೊದಿಸಿದ್ದೆವು. ರೆಕಾರ್ಡಿನಲ್ಲಿ ಅದು ಒಂದೇ ಸಮನೆ ಓಡುತ್ತಲೇ ಇತ್ತು, ಎಲ್ಲೂ ನಿಲ್ಲದೆ. ನಾನು ಟೀ ಕುಡಿಯದೆ ಲೋಟ ಕೆಳಗಿಟ್ಟೆ.

ಯಾರಿಗೂ ಹೇಳದ್ದನ್ನು ಈಗ ಹೇಳುತ್ತೇನೆ. ಆ ಬೆಳಿಗ್ಗೆ ಓಣಿಯಿಂದ ಹಾರ್ನ್ ಕೇಳಿಸಿತ್ತು. ಎರಡು ಸಲ. ಅಣ್ಣನ ಜೀಪಿನ ಹಾರ್ನ್ ನನಗೆ ಗೊತ್ತಿಲ್ಲವೇ? ಒಂಬತ್ತು ವರ್ಷದ ಮೇಲೆ ತಾನಾಗಿ ಬಂದಿದ್ದಾನೆ! ಎದೆ ಹಿಗ್ಗಿತು. ಆದರೆ ಜಂಬ ಬಿಡಬೇಕಲ್ಲ. ಕಿಟಕಿಯ ಕಡೆಗೆ "ಬಂದೆ" ಎಂದು ಕೂಗಿ, ಇಷ್ಟು ವರ್ಷ ಕಾಯಿಸಿದ್ದಾನೆ, ಸ್ವಲ್ಪ ಕಾಯಲಿ ಎಂದು ಕೈಯಲ್ಲಿದ್ದ ಸೀಟಿನ ಉದ್ದಗೆರೆ ಪೂರ್ತಿ ಹೊಲಿದೆ. ಗಂಟು ಹಾಕಿದೆ. ದಾರ ಕತ್ತರಿಸಿದೆ. ಕೈ ಕೂಡ ತೊಳೆದುಕೊಂಡೆ. ಇಪ್ಪತ್ತು ನಿಮಿಷ ಆಗಿರಬಹುದು. ಓಣಿಗೆ ಹೋದಾಗ ಜನ ಸೇರಿದ್ದರು.

ಆ ಬಾಗಿಲು ಕುಡಿದು ಇಟ್ಟುಕೊಂಡಿದ್ದು ನನ್ನ ಮಾತನ್ನೇ. ಅಣ್ಣ ಕೊನೆಯಲ್ಲಿ ಕೇಳಿದ್ದನ್ನು.

ಇದು ಅಣ್ಣನ ಮಗಳ ಕಿವಿಗೆ ಬಿದ್ದರೆ ಮುಗಿಯಿತು, ಅವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಶುಕ್ರವಾರವಿಡೀ ಆ ಬಾಗಿಲಿನ ಬಾಯಿ ಮುಚ್ಚುವುದೇ ಕೆಲಸವಾಯಿತು. ಹಳೇ ಫೆಲ್ಟು ಒಲೆಗೆ ಹಾಕಿದೆ. ತಗಡಿನ ಮೇಲೆ ಸದ್ದು ತಡೆಯುವ ರಬ್ಬರ್ ಹಾಳೆ ಎರಡು ಪದರ, ಅದರ ಮೇಲೆ ಫೋಮು, ಹೊಸ ಫೆಲ್ಟು, ಕೊನೆಗೆ ಕಂದು ಬಣ್ಣದ ರೆಕ್ಸಿನ್. ಹೊಲಿಗೆ ಎಳೆ ಎಳೆಯೂ ನೆಟ್ಟಗೆ. ಇಡೀ ಜನ್ಮದಲ್ಲಿ ಅಂಥ ಬಾಗಿಲು ಮಾಡಿರಲಿಲ್ಲ. ಸಂಜೆ ಅಂಟು ಒಣಗಿದ ಮೇಲೆ ಸತ್ತ ಕಿವಿಯನ್ನು ರೆಕ್ಸಿನ್ನಿಗೆ ಒತ್ತಿ ಕೂತೆ. "ಬಂದೆ" ಎಂದಿತು, ಇನ್ನೂ ಸ್ವಲ್ಪ ಹತ್ತಿರದಿಂದ.

ಅವಳಿಗೆ ನಾನೇ ಮೊದಲು ಹೇಳಿಬಿಡಬೇಕು ಎಂದು ಆಗ ತೀರ್ಮಾನ ಮಾಡಿದೆ. ಬಂದ ಕೂಡಲೇ ಹೇಳುವುದು. ಟೀ ಕೊಟ್ಟು ಹೇಳುವುದು. ಕೆಲಸ ತೋರಿಸಿ, ಅವಳ ಮುಖ ಅರಳಿದ ಮೇಲೆ ಹೇಳುವುದು.

ಶನಿವಾರ ಹತ್ತು ಗಂಟೆಗೆ ಬಂದಳು. ಟೀ ಕೊಟ್ಟೆ. ಕೆಲಸ ತೋರಿಸಿದೆ. ಸೀಟಿನ ಮೇಲೆ ಬೆರಳಾಡಿಸಿ, ಅಪ್ಪನ ಹಾಗೇ ತಲೆ ಓರೆ ಮಾಡಿ ನೋಡಿ, "ನೆಟ್ಟಗಿದೆ ಚಿಕ್ಕಪ್ಪ" ಎಂದಳು. ಇನ್ನೊಂದು ನಿಮಿಷ ಬಿಟ್ಟು ಹೇಳೋಣ ಅಂದುಕೊಂಡೆ.

ಗುರುವಾರ ಕೆಲಸ ಅರ್ಧಕ್ಕೇ ಬಿಟ್ಟುಹೋಗಿದ್ದ ವೈರು ಸ್ಪೀಕರ್ ಹಿಡಿದು ಬಂದ. "ಓಡಿಸೋರು ಯಾರೋ ಅವರ ಕಿವಿಗೇ ಅಳತೆ ತಗೋಬೇಕು. ಕೂತ್ಕೊಳಮ್ಮ, ಕಣ್ಮುಚ್ಚು."

"ಅವೆಲ್ಲಾ ಬೇಡ ಬಿಡೋ, ಎಲ್ಲಾದ್ರೂ ಕೂರಿಸು" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ದನಿ ಹಾಗಿತ್ತು.

ಅವಳು ನನ್ನನ್ನೇ ನೋಡಿದಳು. "ಇರಲಿ ಚಿಕ್ಕಪ್ಪ" ಎಂದು ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡು ಕಣ್ಣು ಮುಚ್ಚಿದಳು.

ಒಂದು. ಮುಂದಕ್ಕೆ ತೋರಿಸಿದಳು. ಎರಡು. ಎಡಕ್ಕೆ. ಮೂರು. ಹಿಂದಕ್ಕೆ. ವೈರು ಮುಂದಿನ ಜಾಗಕ್ಕೆ ಹೆಜ್ಜೆ ಹಾಕುವಾಗ ಅವಳ ಬೆರಳು ನಿಧಾನವಾಗಿ ಬಲಕ್ಕೆ ತಿರುಗಿತು. ರೆಕ್ಸಿನ್ನಿನ ಮೇಲೆ, ಮೊಣಕೈ ಇಡುವ ಜಾಗದ ಸ್ವಲ್ಪ ಮೇಲೆ, ನಿಂತಿತು. ನಾನು ಗಾಡಿಯ ಮುಂದೆ ನಿಂತಿದ್ದೆ. ನನ್ನ ಎರಡೂ ಕಿವಿಗೆ ಕೇಳಿಸಿತ್ತು.

"ಯಾರು 'ಬಂದೆ' ಅಂದಿದ್ದು?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಹೇಳಬಹುದಿತ್ತು. ಬಾಯಿ ತೆರೆದೆ. "ನಾನೇ ಕಣಮ್ಮ. ಈಗ ಅಂದೆ. ಗಿರಾಕಿ ಕರೆದ ಹಾಗಾಯ್ತು."

"ಈಗ ಅಲ್ಲ" ಎಂದಳು.

ವೈರು ಎಣಿಸುವುದನ್ನು ಬಿಟ್ಟ. ಅವಳು ಕಣ್ಣು ತೆರೆಯಲಿಲ್ಲ, ಬಾಗಿಲಿನಿಂದ ಬೆರಳೂ ತೆಗೆಯಲಿಲ್ಲ.

"ಅಪ್ಪ ಆವತ್ತು ಆಸ್ಪತ್ರೆಗೆ ಹೊರಟಿದ್ರು, ಚಿಕ್ಕಪ್ಪ. ದಾರೀಲಿ ಎದೆನೋವು ಜಾಸ್ತಿ ಆಯ್ತು, ಓಡಿಸೋಕಾಗ್ತಿಲ್ಲ ಅಂತ ನಂಗೆ ಫೋನ್ ಮಾಡಿದ್ರು. ನಾನು ಸೈಟಲ್ಲಿದ್ದೆ, ದೂರ. ಆಂಬುಲೆನ್ಸ್ ಕಳಿಸ್ತೀನಿ ಅಂದೆ. ಬೇಡ, ನಿನ್ನ ಚಿಕ್ಕಪ್ಪನ ಅಂಗಡಿ ಪಕ್ಕದಲ್ಲೇ ಇದ್ದೀನಿ, ಅವನು ಕರ್ಕೊಂಡು ಹೋಗ್ತಾನೆ ಅಂದ್ರು. ಹಾರ್ನ್ ಹೊಡೆದ್ರು. ನಂಗೂ ಕೇಳಿಸ್ತು. ನೀವು ಅಂದಿದ್ದೂ ಕೇಳಿಸ್ತು."

ನಾನು ಬಾನೆಟ್ಟಿನ ಮೇಲೆ ಕೈಯೂರಿದೆ.

"ಅಪ್ಪ ನಕ್ಕರು, ಗೊತ್ತಾ? ಆ ನೋವಲ್ಲೂ ನಕ್ಕರು. 'ನೋಡು, ಬಂದೆ ಅಂದ. ಒಂಬತ್ತು ವರ್ಷ ಆದ್ಮೇಲೂ ಒಂದೇ ಕೂಗಿಗೆ ಬಂದೆ ಅಂದ. ಇನ್ನು ನೀನು ಹೆದ್ರಬೇಡ, ಫೋನ್ ಇಡು' ಅಂದ್ರು. ನೀವು ಬರ್ತೀರಲ್ಲ ಅಂತ ನಾನು ಇಟ್ಟುಬಿಟ್ಟೆ."

"ಮಗಳೇ, ನಾನು ಹೇಳ್ಬೇಕು ಅಂತಲೇ ಇದ್ದೆ..."

"ನಾಲ್ಕು ತಿಂಗಳು ಕಾದೆ. ನೀವಾಗಿ ಬಂದು ಹೇಳ್ತೀರ ಅಂತ. ಬರ್ಲಿಲ್ಲ. ಅದಕ್ಕೇ ಗಾಡಿ ತಂದೆ. ಈ ಸೀಟು ಬಿಚ್ಚುವಾಗಲಾದ್ರೂ ನೀವು ಬಾಯಿ ಬಿಡ್ತೀರ ಅಂದ್ಕೊಂಡಿದ್ದೆ. ಈಗಲೂ ಕೇಳಿದೆ, ಈಗಲೂ ಸುಳ್ಳೇ ಹೇಳಿದ್ರಿ."

ಈಗ ಕಣ್ಣು ತೆರೆದಳು. ಕಣ್ಣೀರಿಲ್ಲ. ವೈರಿನ ಕಡೆ ತಿರುಗಿ, "ಮಾಮ, ಈ ಬಾಗಿಲಲ್ಲಿ ಸ್ಪೀಕರ್ ಬೇಡ. ಬೇರೆ ಯಾವ ಬಾಗಿಲಲ್ಲೂ ಬೇಡ. ಅದು ಮಾತಾಡ್ಲಿ, ನಾನು ಕೇಳಿಸ್ಕೊಂಡು ಓಡಿಸ್ತೀನಿ" ಎಂದು ಇಂಜಿನ್ ಚಾಲೂ ಮಾಡಿದಳು.

ನಾನು ಕಿಟಕಿಯ ಹತ್ತಿರ ಓಡಿದೆ. ಅಲ್ಲಿ ನಿಂತು ಏನು ಹೇಳುವುದು? ಒಂಬತ್ತು ವರ್ಷ ನಾನೇ ಗೆದ್ದೆ ಅಂದುಕೊಂಡ ಜಗಳದಲ್ಲಿ ಅವನು ಒಂದೇ ಒಂದು ಮಾತಿಗೆ ನನ್ನನ್ನು ಪೂರ್ತಿ ನಂಬಿದ್ದ. ಅಳು ಬಂತು. ಮಗುವಿನ ಹಾಗೆ ಅತ್ತೆ, ನಾಚಿಕೆಬಿಟ್ಟು. ಅವಳು ಗಾಜು ಏರಿಸಲಿಲ್ಲ. ಮೃದುವಾಗಿಯೇ, ಮರ್ಯಾದೆಯಿಂದಲೇ ಹೇಳಿದಳು.

"ಹೋಗ್ತೀನಿ, ಚಿಕ್ಕಪ್ಪ."

ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಕಂದಾ ಎಂದು ಅವಳಿಗೆ ಮೂರನೇ ವಯಸ್ಸಿನಲ್ಲಿ ಕಲಿಸಿದವನು ನಾನೇ.