ಮೇಣ ಕರಗಿದ ವೀಣೆ

"ಅಯ್ಯೋ, ದೀಪ ಆರಿಸ್ರೀ! ಮೇಣ ಕರಗ್ತಾ ಇದೆ!"

ವೀಣೆ ಟೀಚರ್ ಅನಂತಲಕ್ಷ್ಮಿ ಕೂಗಿಕೊಂಡು ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ತಂತಿ ಕಂಪಿಸುವುದನ್ನು ಗೋಡೆಯ ಮೇಲೆ ನೆರಳಾಗಿ ತೋರಿಸುವ ಹುರುಪಿನಲ್ಲಿ ಫಿಸಿಕ್ಸ್ ಮೇಷ್ಟ್ರು ಪುರುಷೋತ್ತಮ ಬೆಳಗಿನಿಂದ ದೊಡ್ಡದೊಂದು ದೀಪವನ್ನು ವೀಣೆಗೆ ಗುರಿಯಿಟ್ಟು ಕೂತಿದ್ದರು. ವೀಣೆಯ ಹಿತ್ತಾಳೆ ಮೆಟ್ಟುಗಳು ನಿಂತಿರುವುದೇ ಕಪ್ಪು ಮೇಣದ ಮೇಲೆ. ಪಾಪ, ಮೇಷ್ಟ್ರಿಗೆ ಅದು ನೆನಪಾಗಲಿಲ್ಲ. ನುಡಿಸಲು ಕೂತ ವಿದ್ಯಾರ್ಥಿನಿ ಸತ್ಯವತಿಯ ಬೆರಳಿನಡಿಯಲ್ಲೇ ನಡುವಿನ ಮೆಟ್ಟುಗಳು ಜಾರಿ ಸೊಟ್ಟಗಾದವು.

ಅದೂ ಇವತ್ತೇ ಆಗಬೇಕೇ! ರಾಜಾಜಿನಗರದ ಈ ಹೊಸ ಕಾಲೇಜಿನ ಗೋಡೆಗಳಿಂದ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇಲ್ಲಿ ಒಂದು ವರ್ಷದ ಮಟ್ಟಿಗೆ ಪ್ರಾಯೋಗಿಕವಾಗಿ ಭೌತಶಾಸ್ತ್ರ, ಸಂಗೀತ ಎರಡನ್ನೂ ಸೇರಿಸಿ ಒಂದು ಕೋರ್ಸ್ ನಡೆಸಿದ್ದರು. ಅದನ್ನು ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಯೂನಿವರ್ಸಿಟಿಯ ಸಮಿತಿ ಮುಂದಿನ ಬೆಂಚಿನಲ್ಲಿ ಕೂತಿತ್ತು. ಬೇಡವೆಂದರೆ ಜೂನ್‌ನಿಂದ ಸತ್ಯವತಿ ವೀಣೆ ಬಿಡಬೇಕು, ಇಲ್ಲವೇ ಫಿಸಿಕ್ಸ್ ಬಿಡಬೇಕು. ಎರಡರಲ್ಲಿ ಯಾವುದನ್ನು ಬಿಡಲೂ ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಸಮಿತಿಯ ಅಧ್ಯಕ್ಷ ಜಗನ್ನಾಥರಾಯರು ಎದ್ದು ಬಂದು, ಮೆತ್ತಗಾಗಿದ್ದ ಮೇಣವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನೋಡಿದ್ರಾ? ನಾನು ಮೊದಲೇ ಹೇಳಿದ್ದೆ. ಪಾಯಸಕ್ಕೆ ಸಾರು ಬೆರೆಸಿದ್ರೆ ಎರಡೂ ಕೆಡುತ್ತೆ."

ಪುರುಷೋತ್ತಮರ ಮುಖ ಇಷ್ಟು ಸಣ್ಣದಾಯಿತು. ಅನಂತಲಕ್ಷ್ಮಿ ದೀಪದ ಸ್ವಿಚ್ಚಿಗೆ ಕೈ ಹಾಕಿದರು.

"ಆರಿಸ್ಬೇಡಿ ಟೀಚರ್," ಎಂದಳು ಸತ್ಯವತಿ. "ಮೇಣ ಮೆತ್ತಗಿರುವಾಗ್ಲೇ ಮೆಟ್ಟು ಕೂರಿಸ್ಬೇಕು."

"ಹುಡುಗಾಟ ಅಂದ್ಕೊಂಡ್ಯೇನೇ? ವೀಣೆ ಮಾಡೋರೇ ದಿನಗಟ್ಟಲೆ ಕೂತು ಮಾಡೋ ಕೆಲಸ ಕಣೇ ಅದು!"

"ಎಲ್ಲಾ ಜಾರಿಲ್ವಲ್ಲ, ನಡುವಿನವು ಮಾತ್ರ. ಸಾರ್, ಸ್ಕೇಲ್ ಕೊಡಿ."

ಅವಳು ತಂತಿಯ ಉದ್ದ ಅಳೆದಳು. ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದಳು: ಪಂಚಮಕ್ಕೆ ಮೂರರಲ್ಲಿ ಎರಡು ಪಾಲು, ಮಧ್ಯಮಕ್ಕೆ ನಾಲ್ಕರಲ್ಲಿ ಮೂರು. ಮೆಟ್ಟುಗಳನ್ನು ಲೆಕ್ಕ ಹೇಳಿದ ಜಾಗಕ್ಕೆ ತಳ್ಳಿ ಮೀಟಿದಳು. ಅನಂತಲಕ್ಷ್ಮಿ ಹುಳಿ ಕಚ್ಚಿದವರಂತೆ ಮುಖ ಕಿವುಚಿದರು. "ಸ್ವರ ಏರಿದೆ."

ಜಗನ್ನಾಥರಾಯರು ನಕ್ಕರು. "ಲೆಕ್ಕ ಕೈ ಕೊಡ್ತಲ್ಲಮ್ಮಾ!"

ಸತ್ಯವತಿಗೆ ಕೋಪ ಬಂತು. ಬಂದದ್ದು ಒಳ್ಳೆಯದೇ ಆಯಿತು, ಹೆದರಿಕೆ ಓಡಿಹೋಯಿತು.

"ಲೆಕ್ಕ ಸರಿಯಾಗೇ ಇದೆ ಸಾರ್. ಬೆರಳಿಂದ ಒತ್ತಿದಾಗ ತಂತಿ ಇನ್ನಷ್ಟು ಬಿಗಿಯಾಗುತ್ತೆ, ಅದಕ್ಕೇ ಸ್ವರ ಏರುತ್ತೆ. ಯಾಕೆ ಏರುತ್ತೆ ಅಂತ ನಮ್ಮ ಫಿಸಿಕ್ಸ್ ಸಾರ್ ಹೇಳ್ಕೊಟ್ರು. ಎಷ್ಟು ಇಳಿಸ್ಬೇಕು ಅಂತ ಟೀಚರ್ ಹೇಳ್ಕೊಟ್ಟಿದಾರೆ. ಒಬ್ಬರನ್ನ ಬಿಟ್ಟಿದ್ರೆ ಇಲ್ಲೇ ಸಿಕ್ಕಾಕ್ಕೋತಿದ್ದೆ."

ಕಣ್ಣು ಮುಚ್ಚಿ ಮೆಟ್ಟುಗಳನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದಳು. ಮೀಟಿ ಕೇಳಿದಳು, ಮತ್ತೆ ಸರಿಸಿದಳು. ಅನಂತಲಕ್ಷ್ಮಿ ತಮಗೇ ತಿಳಿಯದೆ "ಹೂಂ, ಹೂಂ" ಎನ್ನತೊಡಗಿದ್ದರು. ಪುರುಷೋತ್ತಮರು ದೀಪವನ್ನು ದೂರ ಸರಿಸಿ, ಒದ್ದೆ ಬಟ್ಟೆ ತಂದು ಮೇಣದ ಮೇಲೆ ತಾವೇ ಒತ್ತಿದರು. ಮೇಣ ಗಟ್ಟಿಯಾಯಿತು.

ಸತ್ಯವತಿ ಮೋಹನ ರಾಗ ನುಡಿಸಿದಳು. ಗೋಡೆಯ ಮೇಲೆ ತಂತಿಯ ನೆರಳು ಉಬ್ಬಿ ಇಳಿಯಿತು. ಸ್ವರ ಬಂದಾಗಲೆಲ್ಲ ನೆರಳೂ ಅರಳುತ್ತಿತ್ತು. ಸಮಿತಿಯವರು ಗೋಡೆ ನೋಡಬೇಕೋ ವೀಣೆ ಕೇಳಬೇಕೋ ತಿಳಿಯದೆ ಬಾಯಿ ಬಿಟ್ಟುಕೊಂಡು ಕೂತರು.

ವೀಣೆ ನಿಂತಾಗ ಜಗನ್ನಾಥರಾಯರು ಮೆಲ್ಲಗೆ ಕೇಳಿದರು, "ಇನ್ನೊಂದ್ಸಲ ನುಡಿಸ್ತೀಯಾಮ್ಮಾ?"

ಎರಡನೆಯ ಸಲ ಮುಗಿದ ಮೇಲೆ ಅವರು ಎದ್ದರು. "ಜೂನ್‌ಗೆ ಈ ಕೋರ್ಸ್ ಇರುತ್ತೆ. ಯಾರಾದ್ರೂ ಬೇಡ ಅಂದ್ರೆ ನನ್ನ ಹತ್ರ ಕಳಿಸಿ."

ಹಿಂದಿನ ಬೆಂಚಿನ ವಿದ್ಯಾರ್ಥಿಗಳು ಹೋ ಎಂದು ಚಪ್ಪಾಳೆ ಹೊಡೆದರು. ಸತ್ಯವತಿಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. ಪುರುಷೋತ್ತಮರಂತೂ ಕೆಂಗೇರಿಯ ರೈಲಿಗೆ ಹೊತ್ತಾದದ್ದನ್ನೂ ಮರೆತು ಸಿಕ್ಕಸಿಕ್ಕವರ ಕೈ ಕುಲುಕಿದರು.

ಎಲ್ಲರೂ ಹೋದ ಮೇಲೆ ವೀಣೆ ಒರೆಸುತ್ತಿದ್ದ ಅನಂತಲಕ್ಷ್ಮಿ ಬಗ್ಗಿ ನೋಡಿದರು.

"ಇಲ್ನೋಡೇ, ರಾಯರ ಹೆಬ್ಬೆಟ್ಟಿನ ಗುರುತು ಮೇಣದಲ್ಲಿ ಹಾಗೇ ಉಳಿದುಬಿಟ್ಟಿದೆ. ಸ್ವಲ್ಪ ಬಿಸಿ ಮಾಡಿ ಅಳಿಸಿಬಿಡೋಣ?"

"ಇರ್ಲಿ ಬಿಡಿ ಟೀಚರ್," ಎಂದು ಸತ್ಯವತಿ ವೀಣೆಗೆ ಗವಸು ಹಾಕಿದಳು.